ಮೊದಲು ನಂಬಿದ್ದು ಅಂಗಡಿ

ಬೆಂಗಳೂರಿನ ಪಶ್ಚಿಮದಲ್ಲಿ 1949ರಲ್ಲಿ ಅಡಿಗಲ್ಲು ಕಂಡ ರಾಜಾಜಿನಗರ ಕಾರ್ಖಾನೆ ಕೆಲಸಗಾರರನ್ನು ನೆಚ್ಚಿ ಬೆಳೆದ ಬಡಾವಣೆ. ಸಂಬಳ ಕರಗಿದ ಮೇಲೂ ಆ ಮನೆಗಳಲ್ಲಿ ಒಲೆ ಉರಿಯುತ್ತಿದ್ದರೆ ಅದಕ್ಕೆ ಬೀದಿ ತುದಿಯ ದಿನಸಿ ಅಂಗಡಿ ಕಾರಣ. ಲೆಕ್ಕದ ಪುಸ್ತಕ ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಬಾಕಿ ಚುಕ್ತಾ ಆದ ದಿನ ಮಕ್ಕಳ ಕೈಗೆ ಪೆಪ್ಪರಮೆಂಟು, ಹೊಸ ವರ್ಷಕ್ಕೊಂದು ಕ್ಯಾಲೆಂಡರು. ತರಕಾರಿಯವರು ತೂಕದ ಮೇಲೆ ಹಿಡಿ ಕೊತ್ತಂಬರಿ ಕೊಸರು ಹಾಕುತ್ತಿದ್ದರು. ಇಂದಿನ ಲಾಯಲ್ಟಿ ಕಾರ್ಡುಗಳ ಬೇರು ಇಲ್ಲಿದೆ ಎಂದೇ ನನ್ನ ಎಣಿಕೆ. ಆದರೆ ಅಲ್ಲಿ ಮೊದಲು ನಂಬುತ್ತಿದ್ದುದು ಅಂಗಡಿಯವರು. ಗಿರಾಕಿ ಮರಳಿ ಬರುತ್ತಿದ್ದುದು ಆ ನಂಬಿಕೆಗೆ ಓಗೊಟ್ಟು. ಸಾಲದ ಮುಲಾಜಿಗೆ ಬಿದ್ದ ಮನೆಯವರಿಗೆ ಬೆಲೆ ಚೌಕಾಸಿ ಮಾಡಲಾಗುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಹೊರಗಿನ ಚರಿತ್ರೆ ಬೇರೆ ದಾರಿ ಹಿಡಿಯಿತು. 1844ರಲ್ಲಿ ಒಂದುಗೂಡಿದ ಇಂಗ್ಲೆಂಡಿನ ರಾಚ್‌ಡೇಲ್ ಸಹಕಾರಿಗಳು ಸದಸ್ಯರಿಗೆ ಅವರವರ ಖರೀದಿಯ ಪ್ರಮಾಣಕ್ಕೆ ತಕ್ಕಂತೆ ಲಾಭ ಹಂಚಿದರು. ಅಮೆರಿಕದಲ್ಲಿ 1896ರಲ್ಲಿ, ಖರೀದಿಯ ಜೊತೆ ಸಿಕ್ಕವನ್ನು ಕೂಡಿಟ್ಟು ಉಡುಗೊರೆ ಪಡೆಯುವ ಎಸ್ ಅಂಡ್ ಎಚ್ ಹಸಿರು ಸ್ಟಾಂಪುಗಳು ಬಂದವು. ನಮ್ಮಲ್ಲಿ ಶಾಪರ್ಸ್ ಸ್ಟಾಪ್ 1994ರಲ್ಲಿ 'ಫಸ್ಟ್ ಸಿಟಿಜನ್' ಲಾಯಲ್ಟಿ ಯೋಜನೆ ತಂದಿತು. ಮರುವರ್ಷ ಬ್ರಿಟನ್ನಿನ ಟೆಸ್ಕೊ ಕ್ಲಬ್‌ಕಾರ್ಡ್ ಬಂತು. ಯಾವ ಮನೆ ಏನು ಕೊಳ್ಳುತ್ತದೆ ಎಂಬ ಮಾಹಿತಿಗೆ ರಿಯಾಯಿತಿಗಿಂತ ಹೆಚ್ಚು ಬೆಲೆಯಿದೆ ಎಂದು ದೊಡ್ಡ ಅಂಗಡಿಗಳು ಅರಿತದ್ದು ಈ ಹೊತ್ತಿನಲ್ಲೇ. 2022ರ ಟಾಟಾ ನ್ಯೂ ಆ್ಯಪ್ ದಿನಸಿ, ಔಷಧಿ, ಹೋಟೆಲು ಎಲ್ಲವನ್ನೂ ಖರೀದಿಗೆ ಸಿಗುವ ಒಂದೇ ಪಾಯಿಂಟು ನಾಣ್ಯಕ್ಕೆ ಕಟ್ಟಿತು. ಡಿಮಾರ್ಟ್ ಮಾತ್ರ ಪಾಯಿಂಟುಗಳ ಗೋಜಿಗೇ ಹೋಗದೆ ಕಡಿಮೆ ಬೆಲೆಯನ್ನೇ ನೆಚ್ಚಿತು. ನನಗೆ ಅದು ಹೆಚ್ಚು ಪ್ರಾಮಾಣಿಕ ವ್ಯವಹಾರವಾಗಿ ಕಾಣುತ್ತದೆ.

ಕಾರ್ಡು, ಆ್ಯಪುಗಳ ಆಚೆಗೆ ಪಶ್ಚಿಮ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಬೇರೂರಿದ್ದು ಚಿನ್ನದ ಸ್ಕೀಮು. ಮಗಳ ಮದುವೆಗೆಂದು ತಿಂಗಳು ತಿಂಗಳು ಒಡವೆ ಅಂಗಡಿಗೆ ಕಂತು ಕಟ್ಟುತ್ತಾರೆ. ಕೊನೆಗೆ ಅಂಗಡಿಯವರು ತಮ್ಮ ಪಾಲು ಸೇರಿಸಿ, ಇಲ್ಲವೇ ಮಜೂರಿ ಬಿಟ್ಟು, ಒಡವೆ ಕೊಡುತ್ತಾರೆ. 2014ರ ಠೇವಣಿ ನಿಯಮಗಳ ಪ್ರಕಾರ, ಕಂಪನಿಯೊಂದು ಮುಂಗಡ ಪಡೆದು 365 ದಿನಗಳೊಳಗೆ ಸರಕು ಕೊಡದಿದ್ದರೆ ಆ ಹಣ ಬಿಗಿ ಕಟ್ಟಳೆಗಳಿಗೆ ಒಳಪಡುವ ಠೇವಣಿಯಾಗಿಬಿಡುತ್ತದೆ. ಹಾಗಾಗಿಯೇ ಹೆಚ್ಚಿನ ಸ್ಕೀಮುಗಳು ಹತ್ತು, ಹನ್ನೊಂದು ಕಂತಿಗೆ ನಿಲ್ಲುತ್ತವೆ. ಇಲ್ಲಿ ನಂಬಿಕೆಯ ದಿಕ್ಕು ತಿರುಗಿದೆ: ಮೊದಲು ಹಣ ಕೊಟ್ಟು ಕಾಯುವವರು ಗಿರಾಕಿ. ಅಂಗಡಿ ಮುಳುಗಿದರೆ ನಷ್ಟವೂ ಅವರದೇ.

ಕಾರ್ಡಿನ ಹಂಗಿಲ್ಲದ ನಿಷ್ಠೆಯೂ ಈ ಭಾಗದಲ್ಲಿದೆ. ಇಲ್ಲಿನ ಮೆಟ್ರೋ ನಿಲ್ದಾಣವೊಂದಕ್ಕೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯ ಹೆಸರಿದೆ. ಮೈಸೂರು ಸ್ಯಾಂಡಲ್ ಸೋಪನ್ನು ತಲೆಮಾರುಗಳಿಂದ ಮನೆಗೆ ತಂದದ್ದು ಅದರ ಪರಿಮಳ, ಪಾಯಿಂಟುಗಳಲ್ಲ.

2012ರಲ್ಲಿ ತೆರೆದ ಒರಾಯನ್‌ನಂಥ ಮಾಲುಗಳು ಬಂದ ಮೇಲೆ ಸರಕಿನ ಜೊತೆ 'ಅನುಭವ'ವೂ ಮಾರಾಟಕ್ಕೆ ಬಂತು. ಆ ಅನುಭವ ಯಾರದ್ದು ಎಂಬ ಪ್ರಶ್ನೆ 2024ರ ಜುಲೈನಲ್ಲಿ ಮಾಗಡಿ ರಸ್ತೆಯಲ್ಲಿ ಎದ್ದಿತು. ಮಗನೊಂದಿಗೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು, ಪಂಚೆ ಉಟ್ಟಿದ್ದಾರೆಂದು, ಜಿ.ಟಿ. ಮಾಲಿನ ಬಾಗಿಲಲ್ಲೇ ತಡೆದರು. ಪ್ರತಿಭಟನೆ ನಡೆಯಿತು, ಮಾಲಿನವರು ಕ್ಷಮೆ ಕೇಳಿದರು. ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಹೇಳಿತು. ಬಾಗಿಲು ಕಾಯುವವರ ಒಂದು ಮಾತು ಕೋಟಿಗಟ್ಟಲೆ ಜಾಹೀರಾತನ್ನು ಅಳಿಸಬಲ್ಲದು.

ಈಗ ವಿಜಯನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ, ಬಿಲ್ ಹಾಕುವ ಮೊದಲು ಕೇಳುವುದು ಮೊಬೈಲ್ ನಂಬರು. ನಂಬರು ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಅಂಗಡಿಗಳಿಗೆ ಸೂಚಿಸಿತು. ಅದೇ ವರ್ಷದ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಇನ್ನೂ ಮುಖ್ಯವಾದ ಮಾತಿದೆ: ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂಪಡೆಯಬಹುದು, ಒಪ್ಪಿಗೆ ಕೇಳುವಾಗ ಕೊಡಬೇಕಾದ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಕೇಳಬಹುದು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಗಡುವಿದೆ. ಗಡುವಿಗೆ ಕಾಯದೆ ನಮ್ಮ ಬಸವೇಶ್ವರನಗರದ ಅಂಗಡಿಗಳು ಆ ಪತ್ರವನ್ನು ಕನ್ನಡದಲ್ಲಿ ಬರೆಸಿ ಈಗಲೇ ಕೌಂಟರಿನಲ್ಲಿ ಇಡಬಹುದು.