ಹುಟ್ಟೇ ಅಪರಾಧವಾದ ಬಗೆ: ಕೊರವ ಸಮುದಾಯ ಮತ್ತು ವಸಾಹತು ಕಾನೂನು

ಕಣಿ ಹೇಳುವ ಕೊರವಂಜಿಗೆ ಅಂಗೈ ಚಾಚಿದ ಸಮಾಜವೇ ವಸಾಹತು ಕಾಲದಲ್ಲಿ ಆಕೆಯ ಕುಲವನ್ನು ಸಂಶಯದಿಂದ ಕಾಣತೊಡಗಿತು. ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರವರ ವ್ಯಾಪಾರವನ್ನು ರೈಲುಮಾರ್ಗಗಳೂ ಬ್ರಿಟಿಷರ ಉಪ್ಪಿನ ನೀತಿಯೂ ಕುಗ್ಗಿಸಿದವು. ಜೀವನೋಪಾಯ ಕಳೆದುಕೊಂಡವರ ಅಲೆದಾಟವೇ ಆಡಳಿತದ ದೃಷ್ಟಿಯಲ್ಲಿ ಅಪರಾಧದ ಲಕ್ಷಣವಾಯಿತು.

ಉತ್ತರ ಭಾರತದಲ್ಲಿ 1871ರಲ್ಲಿ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ವ್ಯಾಪ್ತಿ 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ವಿಸ್ತರಿಸಿತು. ವ್ಯಕ್ತಿಯ ಕೃತ್ಯವನ್ನಲ್ಲ, ಹುಟ್ಟನ್ನು ಆಧರಿಸಿ ಇಡೀ ಸಮುದಾಯವನ್ನೇ ಅಪರಾಧಿಯೆಂದು ಘೋಷಿಸಬಹುದಾಗಿತ್ತು. ಆ ಘೋಷಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ನೋಂದಣಿ, ಬೆರಳಚ್ಚು, ಹಾಜರಿ ಕಡ್ಡಾಯವಾದವು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಮುಂಬಯಿ ಸರಕಾರ ಸೆಟ್ಲಮೆಂಟುಗಳನ್ನು ತೆರೆಯಿತು. ಸುಧಾರಣೆಯ ಹೆಸರಿನಲ್ಲಿ ಅಲ್ಲಿಯವರನ್ನು ಗಿರಣಿಗಳ ದುಡಿಮೆಗೆ ಹಚ್ಚಲಾಯಿತು.

ಈ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಆದರೆ ರಾಜ್ಯಗಳು ತಂದ ರೂಢಿಗತ ಅಪರಾಧಿಗಳ ಕಾಯ್ದೆಗಳ ನೆರಳಿನಲ್ಲಿ ಹಳೆಯ ಸಂಶಯ ಮುಂದುವರಿಯಿತು. ಕುಲ ನೋಡಿ ಕಳ್ಳನನ್ನು ಗುರುತಿಸುವ ಪದ್ಧತಿಯಿಂದ ನಿರಪರಾಧಿಗೆ ಕಳಂಕ ತಟ್ಟುತ್ತದೆ, ನಿಜವಾದ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ, ನೆರೆಹೊರೆಯ ವಿಶ್ವಾಸ ಒಡೆಯುತ್ತದೆ. ವಿಮುಕ್ತ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಜೈಲು ನಿಯಮಗಳು ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2024ರ ಅಕ್ಟೋಬರಿನಲ್ಲಿ. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಇಂದಿಗೂ ಒಂದು ಬಡಾವಣೆಯ ಹೆಸರು. ಪೊಲೀಸ್ ದಾಖಲೆಯೊಂದನ್ನೇ ಆಧರಿಸಿದ ಇತಿಹಾಸ ಆ ಕಳಂಕವನ್ನು ಮತ್ತೆ ಬರೆದಂತಾಗುತ್ತದೆ. ಸಮುದಾಯದ ಮೌಖಿಕ ಪರಂಪರೆಯನ್ನೂ ಸಾಕ್ಷ್ಯವೆಂದು ಸ್ವೀಕರಿಸಬೇಕಾಗಿದೆ.