ಶಾಸ್ತ್ರೀಯ ಸಂಗೀತದವರು ಎಲ್ಲೆಲ್ಲಿ ನೆಲೆಸಿದ್ದರು? ಗಡಿಯ ಈಚೆ ಆಚೆಯ ಊರುಗಳ ಮಾಹಿತಿ



ಸಂಗೀತದ ವಿಷಯ ಬಂದಾಗ ನಮ್ಮ ಗಡಿ ಊರುಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: “ಸಂಗೀತವೆಲ್ಲ ಧಾರವಾಡ, ಮೈಸೂರಿನ ಕಡೆ, ನಮ್ಮದು ಮೂಲೆಯ ಊರು.” ಮಕ್ಕಳನ್ನು ಸಂಗೀತಕ್ಕೆ ಸೇರಿಸುವ ವಿಚಾರ ಮಾಡಿದ ಮನೆಗಳಲ್ಲೂ ಇದೇ ಮಾತು ಅಡ್ಡ ಬರುತ್ತದೆ. ಆದ್ದರಿಂದ ನಮ್ಮ ಸಂಗೀತಗಾರರು ನಿಜವಾಗಿ ಎಲ್ಲಿ ಹುಟ್ಟಿದರು, ಎಲ್ಲಿ ಕಲಿತರು, ಎಲ್ಲಿ ನೆಲೆಸಿದರು ಎಂಬುದನ್ನು ಊರುವಾರು ಇಲ್ಲಿ ಕೊಟ್ಟಿದ್ದೇವೆ. ಹುಟ್ಟಿದ ಊರು, ಕಲಿತ ಊರು, ನೆಲೆಸಿದ ಊರು ಎಂದು ಮೂರು ಕಲಂ ಹಾಕಿಕೊಂಡು ನೋಡಿದರೆ ಗೊಂದಲ ಬಹಳ ಕಡಿಮೆಯಾಗುತ್ತದೆ. “ಅವರು ನಮ್ಮವರು, ಇವರು ನಿಮ್ಮವರು” ಎಂಬ ಜಗಳ ಹುಟ್ಟುವುದೇ ಈ ಮೂರನ್ನೂ ಒಂದರಲ್ಲಿ ಸೇರಿಸುವುದರಿಂದ.

ಮೊದಲು ತಿಳಿಯಬೇಕಾದದ್ದು

ಇಂದಿನ ರಾಜ್ಯಗಳ ಗಡಿ ಗೊತ್ತಾದದ್ದು ಈಚೆಗೆ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿದ್ದು, ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಅದಕ್ಕೂ ಮೊದಲು ಸಂಸ್ಥಾನಗಳ ಕಾಲ. ಇಂದು ಗದಗ ಜಿಲ್ಲೆಯಲ್ಲಿರುವ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಸಾಂಗ್ಲಿಗೆ ಸೇರಿತ್ತು, ಕುಂದಗೋಳ ಜಮಖಂಡಿಗೆ ಸೇರಿತ್ತು. ಅಕ್ಕಲಕೋಟೆ, ಜತ್ತ ತಾವೇ ಸಂಸ್ಥಾನಗಳಾಗಿದ್ದವು. ಹೀಗಿರುವಾಗ ಮೀರಜಿನ ಗವಾಯಿ ಕುಂದಗೋಳಕ್ಕೆ ಬಂದರೆ, ಧಾರವಾಡದ ಹುಡುಗ ಮೀರಜಿಗೆ ಹೋದರೆ, ಅದು ಪರರಾಜ್ಯಕ್ಕೆ ಹೋದ ಹಾಗೆ ಯಾರಿಗೂ ಅನಿಸುತ್ತಿರಲಿಲ್ಲ.

ಮೀರಜ್

ಉತ್ತರ ಕರ್ನಾಟಕದ ಹಿಂದೂಸ್ತಾನಿ ಸಂಗೀತದ ಬೇರು ಹುಡುಕಿದರೆ ಮೊದಲು ಸಿಗುವ ಊರು ಇದು. ಗ್ವಾಲಿಯರ್ ಪದ್ಧತಿಯ ಬಾಲಕೃಷ್ಣಬುವಾ ಇಚಲಕರಂಜೀಕರ್ ಇಲ್ಲಿ ಪಾಠ ಹೇಳಿದರು. ಪಕ್ಕದ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಅವರ ಬಳಿ ಮೀರಜಿನಲ್ಲೇ ಕಲಿತು, 1901ರಲ್ಲಿ ದೂರದ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಬಾಲಕೃಷ್ಣಬುವಾ ಅವರ ಇನ್ನೊಬ್ಬ ಶಿಷ್ಯ ನೀಲಕಂಠಬುವಾ ಅವರಿಂದ ಮಲ್ಲಿಕಾರ್ಜುನ ಮನಸೂರರಿಗೂ ಪಂಚಾಕ್ಷರಿ ಗವಾಯಿಗಳಿಗೂ ಪಾಠವಾಯಿತು.

ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಹುಟ್ಟಿದ್ದು ಉತ್ತರ ಪ್ರದೇಶದ ಕೈರಾನಾದಲ್ಲಿ, ಬರೋಡಾ ದರ್ಬಾರಿನಲ್ಲಿದ್ದು ಬಂದು ನೆಲೆಸಿದ್ದು ಮೀರಜಿನಲ್ಲಿ. ಮೈಸೂರು ಅರಮನೆಗೆ ಹೋಗಿ ಹಾಡುತ್ತಿದ್ದ ಅವರು ಕರ್ನಾಟಕ ಪದ್ಧತಿಯ ಸ್ವರ ಹಾಡುವ ಕ್ರಮವನ್ನು ತಮ್ಮ ಗಾಯನಕ್ಕೆ ತಂದುಕೊಂಡರು. 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದು ಮೀರಜಿನ ಖ್ವಾಜಾ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ. ಅಲ್ಲಿ ವರ್ಷಕ್ಕೊಮ್ಮೆ ಅವರ ನೆನಪಿನ ಸಂಗೀತ ಉತ್ಸವ ನಡೆಯುತ್ತದೆ.

ಹಾಡುವವರ ಜೊತೆಗೆ ವಾದ್ಯ ಮಾಡುವವರ ಊರೂ ಇದೇ. ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಿಂದ ಇಲ್ಲಿ ತಂಬೂರಿ, ಸಿತಾರ್ ಮಾಡುತ್ತ ಬಂದಿವೆ. ಮೀರಜಿನ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸೊಲ್ಲಾಪುರದ ನಮ್ಮ ಸದಸ್ಯರು ಗಮನಿಸಬೇಕಾದದ್ದು: ಆ ತಂಬೂರಿಯ ದೊಡ್ಡ ಬುರುಡೆಗೆ ಬೇಕಾದ ಸೋರೆ ಬೆಳೆಯುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಲ್ಲಿ.

ಕೊಲ್ಲಾಪುರ

ಜೈಪುರ ಘರಾಣೆಯ ಉಸ್ತಾದ್ ಅಲ್ಲಾದಿಯಾ ಖಾನರು ರಾಜಸ್ಥಾನದ ಕಡೆಯಿಂದ ಬಂದು ಶಾಹು ಮಹಾರಾಜರ ಆಶ್ರಯದಲ್ಲಿ ಇಲ್ಲಿ ಇದ್ದರು. ಮುಂದೆ ಮುಂಬಯಿ ಸೇರಿ 1946ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್ ಇಬ್ಬರೂ ಮಲ್ಲಿಕಾರ್ಜುನ ಮನಸೂರರಿಗೆ ಗುರುಗಳು.

ಧಾರವಾಡ, ಹುಬ್ಬಳ್ಳಿ, ಕುಂದಗೋಳ

ಮಲ್ಲಿಕಾರ್ಜುನ ಮನಸೂರರು (1910–1992) ಹುಟ್ಟಿದ್ದು ಧಾರವಾಡದ ಹತ್ತಿರದ ಮನಸೂರಿನಲ್ಲಿ, ನೆಲೆಸಿದ್ದು ಧಾರವಾಡದಲ್ಲಿ. ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಗಂಗೂಬಾಯಿ ಹಾನಗಲ್ಲರು (1913–2009) ಹುಟ್ಟಿದ್ದು ಧಾರವಾಡದ ಶುಕ್ರವಾರ ಪೇಟೆಯಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಪದ್ಧತಿಯ ಹಾಡುಗಾರ್ತಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಹಿಂದಿರುಗುತ್ತಿದ್ದರು. ಅಲ್ಲಿ ಗುರುಗಳು ಅಬ್ದುಲ್ ಕರೀಂ ಖಾನರ ಶಿಷ್ಯ ರಾಮಭಾವು ಕುಂದಗೋಳಕರ್, ಅಂದರೆ ಸವಾಯಿ ಗಂಧರ್ವರು (1886–1952). ನಾಟಕ ಕಂಪನಿಗಳಲ್ಲಿ ಹೆಸರು ಮಾಡಿದ ಮೇಲೆ ಅವರು ತಮ್ಮ ಊರಿನಲ್ಲೇ ಪಾಠ ಹೇಳಿದರು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು ಗ್ವಾಲಿಯರ್, ಜಲಂಧರ ಎಲ್ಲ ಸುತ್ತಿ, ಕೊನೆಗೆ ಗುರು ಸಿಕ್ಕಿದ್ದು ತಮ್ಮ ಜಿಲ್ಲೆಯ ಇದೇ ಕುಂದಗೋಳದಲ್ಲಿ. ಮುಂದೆ ಪುಣೆಯಲ್ಲಿ ನೆಲೆಸಿ, 1953ರಲ್ಲಿ ಗುರುಗಳ ಹೆಸರಿನ ಉತ್ಸವವನ್ನು ಅಲ್ಲಿ ಆರಂಭಿಸಿದರು. ಪುಣೆಯಲ್ಲಿದ್ದೇ ಕನ್ನಡ ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಮನೆಮನೆಗೆ ಮುಟ್ಟಿಸಿದರು. ಅವರು ಕನ್ನಡಿಗರೋ ಪುಣೆಯವರೋ ಎಂದು ವಾದ ಮಾಡುವವರಿಗೆ ನಮ್ಮ ಮೂರು ಕಲಂ ಉತ್ತರ ಹೇಳುತ್ತದೆ.

ಗದಗ

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944) ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿದರು. ಪುಟ್ಟರಾಜ ಗವಾಯಿಗಳು (1914–2010) ಅದನ್ನು ಬೆಳೆಸಿದರು. ಇಬ್ಬರೂ ಅಂಧರು. ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಊಟ, ವಸತಿ, ಸಂಗೀತ ಪಾಠ ಕೊಟ್ಟ ನೆಲೆ ಅದು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಸೀಮೆಯಲ್ಲಿ 1953ರಲ್ಲಿ ಹುಟ್ಟಿದ ವೆಂಕಟೇಶ ಕುಮಾರರು ಪುಟ್ಟರಾಜ ಗವಾಯಿಗಳ ಶಿಷ್ಯರು.

ಬೆಳಗಾವಿಯಿಂದ ದೇವಾಸಕ್ಕೆ

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರೇ ಕುಮಾರ ಗಂಧರ್ವರು. ಕಲಿತದ್ದು ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ. ಕ್ಷಯರೋಗ ಬಂದಾಗ ಒಣ ಹವೆ ಬೇಕೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಕೊನೆಯವರೆಗೂ, ಅಂದರೆ 1992ರವರೆಗೂ, ಅಲ್ಲಿಯೇ ಇದ್ದರು. ಹಾಸಿಗೆ ಹಿಡಿದ ದಿನಗಳಲ್ಲಿ ಕಿವಿಗೆ ಬಿದ್ದ ಮಾಳವದ ಜನಪದ ಹಾಡುಗಳು ಮುಂದೆ ಅವರ ಗಾಯನದಲ್ಲಿ ಸೇರಿಕೊಂಡವು.

ಗೋವಾ

ಕೇಸರಬಾಯಿ ಕೇರ್ಕರ್ (1892–1977) ಫೋಂಡಾ ತಾಲ್ಲೂಕಿನ ಕೇರಿ ಊರಿನವರು, ಅಲ್ಲಾದಿಯಾ ಖಾನರ ಶಿಷ್ಯೆ. 1977ರಲ್ಲಿ ಅಮೆರಿಕದವರು ವಾಯೇಜರ್ ಗಗನನೌಕೆಯಲ್ಲಿ ಕಳಿಸಿದ ಧ್ವನಿಮುದ್ರಿಕೆಯಲ್ಲಿ ಇವರು ಹಾಡಿದ ಭೈರವಿ ಇದೆ. ಅದೇ ಗುರುವಿನ ಶಿಷ್ಯೆ ಮೋಗೂಬಾಯಿ ಕುರ್ಡೀಕರ್ (1904–2001) ಅವರ ಊರು ಕುರ್ಡಿ ಸಾಳಾವಳಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಊರಿನ ಅವಶೇಷ ಕಾಣಿಸುತ್ತದೆ, ಊರಿನವರು ಆಗ ಹೋಗಿ ಬರುತ್ತಾರೆ. ಇವರ ಮಾತು ಕೊಂಕಣಿ, ಮರಾಠಿ. ಆದರೆ ಮನಸೂರರೂ ಇವರೂ ಒಂದೇ ಘರಾಣೆಯವರು.

ಆದೋನಿ ಸೀಮೆ

ದಾಸರ ಪದಗಳು ಇಂದು ಎರಡೂ ಪದ್ಧತಿಯ ಕಛೇರಿಗಳಲ್ಲಿ ಕೇಳಿಬರುತ್ತವೆ. ಆ ಪದಗಳ ದೊಡ್ಡ ಕರ್ತೃಗಳಲ್ಲಿ ಒಬ್ಬರಾದ ವಿಜಯದಾಸರು ಹುಟ್ಟಿದ್ದು ರಾಯಚೂರು ಸೀಮೆಯ ಚೀಕಲಪರವಿಯಲ್ಲಿ. ಅವರು 1755ರಲ್ಲಿ ದೇಹ ಬಿಟ್ಟದ್ದು ಚಿಪ್ಪಗಿರಿಯಲ್ಲಿ. ಆ ಊರು ಇಂದು ಆಂಧ್ರದಲ್ಲಿದೆ. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು ವೀಣೆ ಬಲ್ಲವರಾಗಿದ್ದರು.

ಕಾಸರಗೋಡು, ಮೈಸೂರು ಕಡೆ

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳನ್ನು ದೇಶವೆಲ್ಲ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲದು. ನಮ್ಮ ಕಡೆಯವರು ಅವರನ್ನು ಹಾಡುಗಾರರಾಗಿ, ಯಕ್ಷಗಾನದ ಭಾಗವತರಾಗಿಯೂ ಬಲ್ಲರು. ಅವರು 2020ರಲ್ಲಿ ತೀರಿಕೊಂಡರು.

ಮೈಸೂರಿನ ದೊಡ್ಡ ಗುರು ಬಿಡಾರಂ ಕೃಷ್ಣಪ್ಪನವರು ಹುಟ್ಟಿದ್ದು ಕರಾವಳಿಯ ನಂದಳಿಕೆಯಲ್ಲಿ. ಏಳು ತಂತಿಯ ಪಿಟೀಲಿನ ಟಿ. ಚೌಡಯ್ಯನವರು (1895–1967) ಅವರ ಶಿಷ್ಯರು. ಹಾಸನ ಜಿಲ್ಲೆಯ ರುದ್ರಪಟ್ಟಣದ ಸಂಗೀತ ಮನೆತನಗಳು ಸಂಕೇತಿಗಳವು. ಅವರ ಪೂರ್ವಿಕರು ಬಂದದ್ದು ತಮಿಳುನಾಡು–ಕೇರಳ ಗಡಿಯ ಸೆಂಗೋಟೆ ಕಡೆಯಿಂದ. ಆರ್. ಕೆ. ಶ್ರೀಕಂಠನ್ (1920–2014) ಆ ಊರಿನವರೇ.

ಇದರಿಂದ ತಿಳಿಯುವುದೇನು?

ಗವಾಯಿಗಳು ಮಾತಿನ ಗಡಿ ನೋಡಿ ನೆಲೆಸಲಿಲ್ಲ. ಆಶ್ರಯ ಕೊಡುವ ಸಂಸ್ಥಾನ, ಊಟ ಹಾಕುವ ಮಠ, ಸಂಬಳ ಕೊಡುವ ನಾಟಕ ಕಂಪನಿ, ಹೋಗಿಬರಲು ರೈಲು, ಈ ನಾಲ್ಕು ಇದ್ದ ಕಡೆ ನೆಲೆಸಿದರು. ಪುಣೆ, ಮೀರಜ್, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ ಒಂದೇ ರೈಲು ದಾರಿಯಲ್ಲಿವೆ, ಹುಬ್ಬಳ್ಳಿಯಿಂದ ಮುಂದೆ ಕುಂದಗೋಳ ಬರುತ್ತದೆ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋ ಐದನೆಯ ಆಸರೆಯಾಯಿತು.

ಎರಡನೆಯದಾಗಿ, ಗುರು ಇದ್ದ ಸಣ್ಣ ಊರೇ ದೊಡ್ಡ ಊರಾಯಿತು. ಕುಂದಗೋಳ ಅಂದೂ ಸಣ್ಣ ಊರು, ಇಂದೂ ಸಣ್ಣ ಊರು. ಅಲ್ಲಿ ಒಬ್ಬರು ಕುಳಿತು ಪಾಠ ಹೇಳಿದ್ದರಿಂದ ಇಬ್ಬರು ಹಾಡುಗಾರರು ದೇಶಕ್ಕೇ ಸಿಕ್ಕರು. ನಮ್ಮ ಊರುಗಳಲ್ಲಿ ಶಾಲೆ ಮರಾಠಿ, ತೆಲುಗು, ಮಲಯಾಳ, ತಮಿಳಿನಲ್ಲಿ ನಡೆಯುತ್ತದೆ. ಕನ್ನಡ ಓದಲು ಬಾರದ ಮೊಮ್ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ವಚನ, ದಾಸರ ಪದ ರಾಗದಲ್ಲಿ ಕಲಿತ ಮಗುವಿನ ಬಾಯಲ್ಲಿ ಕನ್ನಡ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಊರಿಗೊಬ್ಬ ಕಲಿಸುವವರು.

ಸದಸ್ಯರಲ್ಲಿ ವಿನಂತಿ

ಹೆಸರಾದವರ ಪಟ್ಟಿ ಪುಸ್ತಕಗಳಲ್ಲಿ ಸಿಗುತ್ತದೆ. ಸಿಗದಿರುವುದು ನಮ್ಮ ಊರುಗಳಲ್ಲಿ ಈಗ ಪಾಠ ಹೇಳುತ್ತಿರುವವರ ಪಟ್ಟಿ. ದೇವಸ್ಥಾನದ ಪ್ರಾಂಗಣದಲ್ಲಿ, ಮನೆಯ ಪಡಸಾಲೆಯಲ್ಲಿ ಹತ್ತು ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ಹಿರಿಯರು ಇದ್ದಾರೆ. ಅವರಿಗೆ ವಯಸ್ಸಾಗುತ್ತಿದೆ. ಅಂಥವರು ನಿಮ್ಮ ಊರಿನಲ್ಲಿದ್ದರೆ ಅವರ ಒಪ್ಪಿಗೆ ಪಡೆದು ಈ ವಿವರಗಳನ್ನು ಸಂಘಕ್ಕೆ ಬರೆದು ತಿಳಿಸಿ: ಹೆಸರು, ಹುಟ್ಟಿದ ಊರು, ಯಾರ ಬಳಿ ಎಲ್ಲಿ ಕಲಿತರು, ಈಗಿರುವ ಊರು, ಕಲಿಸುವ ವಿಷಯ (ಹಿಂದೂಸ್ತಾನಿ, ಕರ್ನಾಟಕ ಅಥವಾ ವಾದ್ಯ), ಪಾಠದ ಭಾಷೆ, ಹೊಸ ಮಕ್ಕಳನ್ನು ಸೇರಿಸಿಕೊಳ್ಳುವರೇ ಇಲ್ಲವೇ. ಇಸವಿ ಖಚಿತವಿಲ್ಲದಿದ್ದರೆ ಆ ಕಲಂ ಖಾಲಿ ಬಿಡಿ, ಅಂದಾಜು ಬರೆಯಬೇಡಿ.

ಬಂದ ಹೆಸರುಗಳನ್ನು ಊರುವಾರು ಜೋಡಿಸಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಗಡಿಯ ಆಚೆ ಹತ್ತು ಮೈಲಿ ದೂರದಲ್ಲಿ ಗುರು ಇದ್ದೂ ತಿಳಿಯದೆ ಕಲಿಯುವ ಮಗು ಮನೆಯಲ್ಲೇ ಉಳಿಯುವುದು ತಪ್ಪಲಿ.

ಕಾರ್ಯದರ್ಶಿ