ಜಾರುವಿಕೆಯ ಜಾಗಕ್ಕೆ ಬಂದ ಸ್ಪ್ರಿಂಗ್

ಇಂದಿನ ಡೀಸೆಲ್ ಕಾರುಗಳಲ್ಲಿ ಅನೇಕವುಗಳ ಆಲ್ಟರ್ನೇಟರಿನ ಮೂತಿಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಅದನ್ನು ತೆಗೆದರೆ ಒಳಗೆ ಸಣ್ಣ ಸಣ್ಣ ಹಲ್ಲುಗಳ ಒಂದು ತೂತು ಕಾಣುತ್ತದೆ. ಆ ಹಲ್ಲುಗಳಿಗೆ ಹೊಂದುವ ಸಾಧನವನ್ನು ತೂರಿಸಿ ಶಾಫ್ಟು ಅಲುಗದಂತೆ ಹಿಡಿದು, ಹೊರಗಿನ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಒಂದು ದಿಕ್ಕಿಗೆ ಅದು ಅಡೆತಡೆಯಿಲ್ಲದೆ ಸುತ್ತುತ್ತದೆ. ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಮೊದಲು ಸ್ವಲ್ಪ ಬಿಟ್ಟುಕೊಟ್ಟು, ಆಮೇಲೆ ಹೆಚ್ಚುಹೆಚ್ಚು ಬಿಗಿಯಾಗುತ್ತ, ಕೈ ಬಿಟ್ಟೊಡನೆ ಹಿಂದಕ್ಕೆ ಪುಟಿಯುತ್ತದೆ. ಒಳಗೊಂದು ಸುರುಳಿ ಸ್ಪ್ರಿಂಗು, ಅದರ ಜೊತೆಗೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಕ್ಲಚ್ಚು ಇರುವುದರಿಂದ ಹೀಗಾಗುತ್ತದೆ. ಬೆಲ್ಟು ಓಡಲು ಒಂದು ಗಾಲಿ ಸಾಕಾಗಿದ್ದ ಕಡೆ ಇಷ್ಟೆಲ್ಲ ಏಕೆ ಬಂತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಹೊಸ ಎಂಜಿನ್ನುಗಳಿಗೆ ಹೊಸ ತೊಂದರೆ ಬಂದಿತು, ಹೊಸ ಪರಿಹಾರ ಹುಟ್ಟಿತು ಎಂಬುದು. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ತೊಂದರೆ ಬಹಳ ಹಳೆಯದು. ನೂರು ವರ್ಷ ಅದನ್ನು ಸದ್ದಿಲ್ಲದೆ ನುಂಗಿಕೊಂಡು ಬಂದದ್ದು ಬೆಲ್ಟಿನ ಜಾರುವಿಕೆ. ಜಾರುವುದನ್ನು ದೋಷವೆಂದು ಬಗೆದು ಒಂದೊಂದಾಗಿ ಕಳೆದುಕೊಂಡ ಮೇಲೆ, ಅದು ಮಾಡುತ್ತಿದ್ದ ಕೆಲಸಕ್ಕೆ ಒಂದು ಸ್ಪ್ರಿಂಗನ್ನು ಕೂರಿಸಬೇಕಾಯಿತು.

ಮೂಲ ತೊಂದರೆ ಎಂಜಿನ್ನಿನ ಸ್ವಭಾವದಲ್ಲೇ ಇದೆ. ಸಿಲಿಂಡರಿನಲ್ಲಿ ಇಂಧನ ಉರಿದಾಗ ಕ್ರ್ಯಾಂಕ್‌ಶಾಫ್ಟಿಗೆ ಒಂದು ಒದೆ ಬೀಳುತ್ತದೆ. ಮುಂದಿನ ಒದೆ ಬರುವವರೆಗೆ ಅದು ನಿಧಾನವಾಗುತ್ತದೆ. ಹೊರಗಿನಿಂದ ಸಮನಾಗಿ ಸುತ್ತುವಂತೆ ಕಂಡರೂ ಎಂಜಿನ್ನು ನಿಜಕ್ಕೂ ಸಾಗುವುದು ಹೆಜ್ಜೆ ಹೆಜ್ಜೆಯಾಗಿಯೇ. ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನು ಓಡುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಉದ್ದನೆಯ ಚಪ್ಪಟೆ ಬೆಲ್ಟು ಪ್ರತಿ ಒದೆಗೂ ಒಮ್ಮೆ ಬಿಗಿದು ಒಮ್ಮೆ ಜೋತುಬಿದ್ದು ಪಟಪಟನೆ ಬಡಿದುಕೊಳ್ಳುತ್ತದೆ. ಎಂಜಿನ್ನಿಗೆ ಹಾಕಿದ ಭಾರಿ ಫ್ಲೈವೀಲು ಆ ಏರಿಳಿತವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ವಿದ್ಯುತ್ ಯಂತ್ರದ ಸ್ವಭಾವ ಇದಕ್ಕೆ ವಿರುದ್ಧ. ತಾಮ್ರ ಮತ್ತು ಕಬ್ಬಿಣದ ಭಾರದ ಉರುಳೆಯೊಂದು ತನ್ನ ವೇಗದಲ್ಲೇ ಸುತ್ತುತ್ತಿರಲು ಬಯಸುತ್ತದೆ, ಹೆಜ್ಜೆ ಹಾಕಲು ಒಲ್ಲೆನ್ನುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಉಗಿ ಎಂಜಿನ್ನು ತಿರುಗಿಸುವ ಆಲ್ಟರ್ನೇಟರುಗಳನ್ನು ಜೊತೆಜೊತೆಯಾಗಿ ಜೋಡಿಸಿ ಓಡಿಸಹೊರಟಾಗ ಅವು ಒಂದನ್ನೊಂದು ಹಿಂದೆಮುಂದೆ ಎಳೆದಾಡುತ್ತ ತೂಗಾಡಿದವು. ಭಾರಿ ಫ್ಲೈವೀಲುಗಳನ್ನು ಹಾಕಬೇಕಾಯಿತು. ಫ್ರಾನ್ಸಿನ ಮೋರಿಸ್ ಲೆಬ್ಲಾಂಕ್ ಅದೇ ತೂಗಾಟವನ್ನು ಅಡಗಿಸಲು ಯಂತ್ರದೊಳಗೇ ಹೆಚ್ಚುವರಿ ತಾಮ್ರದ ಸುತ್ತುಗಳನ್ನು ಕೂರಿಸಿದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಅಲ್ಲಿನ ಯಂತ್ರಗಳಿಗೆ ಈ ಕಾಟವಿರಲಿಲ್ಲ. ಕಾವೇರಿಯ ನೀರು ಟರ್ಬೈನನ್ನು ಒಂದೇ ಸಮನೆ ತಳ್ಳುತ್ತದೆ, ಒದೆಯುವುದಿಲ್ಲ. ಅಂದರೆ ತೊಂದರೆ ಇರುವುದು ವಿದ್ಯುತ್ ಯಂತ್ರದಲ್ಲಿ ಅಲ್ಲ, ಒದೆಯುವ ಯಂತ್ರವನ್ನೂ ಒದೆ ಒಲ್ಲದ ಯಂತ್ರವನ್ನೂ ಒಟ್ಟಿಗೆ ಕಟ್ಟುವ ಕಟ್ಟಿನಲ್ಲಿ.

ಆ ಕಟ್ಟಿನಲ್ಲಿ ಸ್ಪ್ರಿಂಗಿರಬೇಕೆಂಬ ಅರಿವೂ ಹೊಸದಲ್ಲ. ಅಮೆರಿಕದ ನ್ಯೂ ಹೇವನ್ ರೈಲ್ವೆಯಲ್ಲಿ 1907ರಲ್ಲಿ ಓಡತೊಡಗಿದ ವಿದ್ಯುತ್ ಎಂಜಿನ್ನುಗಳ ಮೋಟಾರು ಅಚ್ಚಿಗೆ ನೇರವಾಗಿ ಬಿಗಿದಿರಲಿಲ್ಲ. ಅಚ್ಚಿನ ಸುತ್ತ ಸಡಿಲವಾಗಿ ಕೂತ ಒಂದು ಕೊಳವೆಯ ಮೇಲೆ ಅದರ ಆರ್ಮೇಚರು ಇತ್ತು. ಕೊಳವೆಗೂ ಚಕ್ರಕ್ಕೂ ನಡುವೆ ಸ್ಪ್ರಿಂಗುಗಳಿದ್ದವು. ಹಳಿಯ ಪೆಟ್ಟು ಮೋಟಾರಿಗೂ, ಮೋಟಾರಿನ ಭಾರ ಹಳಿಗೂ ನೇರವಾಗಿ ತಾಗದಿರಲಿ ಎಂಬುದು ಅಲ್ಲಿನ ಉದ್ದೇಶ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಡೆಲ್ಕೋ ವ್ಯವಸ್ಥೆಯಲ್ಲಿ ಎಂಜಿನ್ನನ್ನು ಎಬ್ಬಿಸುವುದೂ ಬ್ಯಾಟರಿ ತುಂಬುವುದೂ ಒಂದೇ ಯಂತ್ರದ ಕೆಲಸವಾಗಿತ್ತು. ಎರಡು ಕೆಲಸಗಳ ವೇಗ ಬೇರೆಬೇರೆಯಾದ್ದರಿಂದ ಒಂದೇ ದಿಕ್ಕಿನಲ್ಲಿ ಹಿಡಿಯುವ ಕ್ಲಚ್ಚನ್ನು ಅಲ್ಲಿ ಬಳಸಿದ್ದರು. ಸ್ಪ್ರಿಂಗು, ಕ್ಲಚ್ಚು ಎರಡೂ ವಿದ್ಯುತ್ ಯಂತ್ರದ ಪಕ್ಕದಲ್ಲಿ ಅಷ್ಟು ಹಿಂದೆಯೇ ಇದ್ದರೂ ಕಾರಿನ ಪುಲ್ಲಿಯೊಳಗೆ ಅವು ಸೇರಲು ಇನ್ನೂ ಎಂಟು ದಶಕ ಬೇಕಾಯಿತು. ಗೊತ್ತಿಲ್ಲದ್ದರಿಂದ ತಡವಾಯಿತು ಎನ್ನುವಂತಿಲ್ಲ. ಬೇಕಿರಲಿಲ್ಲ, ಅದಕ್ಕೇ ತಡವಾಯಿತು. ಏಕೆ ಬೇಕಿರಲಿಲ್ಲ ಎಂಬುದಕ್ಕೆ ಬೆಲ್ಟನ್ನು ನೋಡಬೇಕು.

ಚರ್ಮದ ಇಲ್ಲವೇ ಕ್ಯಾನ್ವಾಸಿನ ಚಪ್ಪಟೆ ಬೆಲ್ಟಿನ ಕಾಲದಲ್ಲಿ ಬೆಲ್ಟಿನ ಸಡಿಲ ಬದಿಯನ್ನು ಮೇಲ್ಗಡೆ ಬಿಡುವುದು ರೂಢಿ. ಜೋತುಬಿದ್ದ ಬೆಲ್ಟು ಗಾಲಿಯನ್ನು ಹೆಚ್ಚು ಸುತ್ತಿ ಹಿಡಿಯುತ್ತದೆ. ಆ ಜೋತು ಸ್ವತಃ ಒಂದು ಮೆತ್ತೆ. ಒದೆ ಜೋರಾದಾಗ ಬೆಲ್ಟು ತುಸು ಜಾರಿ ಉಳಿದದ್ದನ್ನು ಬಿಸಿಯಾಗಿ ಕಳೆಯುತ್ತಿತ್ತು. ಕೆಲಸಗಾರರ ಕಣ್ಣಿಗೆ ಜಾರುವುದು ನಷ್ಟವೇ ಆಗಿತ್ತು, ಬೆಲ್ಟಿಗೆ ರಾಳ ಹಚ್ಚುತ್ತಿದ್ದುದು ಅದಕ್ಕೇ. 1917ರ ಹೊತ್ತಿಗೆ ಡೆನ್ವರಿನ ಗೇಟ್ಸ್ ಕಂಪನಿ ರಬ್ಬರಿನ ವಿ ಬೆಲ್ಟನ್ನು ತಂದಿತು. ಗಾಲಿಯ ತೋಡಿನೊಳಗೆ ಬೆಣೆಯಂತೆ ಕೂರುವ ಅದು ಕಡಿಮೆ ಬಿಗಿತದಲ್ಲೂ ಗಟ್ಟಿಯಾಗಿ ಹಿಡಿಯಿತು. ಆದರೂ ಕಾರಿನಲ್ಲಿ ಅದನ್ನು ಬಿಗಿಯುತ್ತಿದ್ದದ್ದು ಡೈನಮೋವನ್ನೇ ಹೊರಕ್ಕೆಳೆದು ಬೋಲ್ಟು ಕಟ್ಟುವ ಮೂಲಕ. ಕೆಲವು ತಿಂಗಳಿಗೆ ಸಡಿಲಾಗಿ, ಹೆಬ್ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುವಷ್ಟು ಬಿಟ್ಟುಕೊಡುತ್ತಿತ್ತು. ಅದರಾಚೆಯ ಯಂತ್ರವೂ ಸಣ್ಣದು. ಬ್ರಿಟಿಷ್ ಕಾರುಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಲ್ಯೂಕಸ್ ಸಿ40 ಡೈನಮೋ ಕೊಡುತ್ತಿದ್ದದ್ದು 22 ಆಂಪಿಯರು. ಕಮ್ಯುಟೇಟರು, ಬ್ರಷ್ಷು, ತೋಡುಗಳಲ್ಲಿ ತುರುಕಿದ ತಂತಿ, ಇವನ್ನು ಹೊತ್ತ ಅದರ ಆರ್ಮೇಚರನ್ನು ಅತಿ ವೇಗದಲ್ಲಿ ತಿರುಗಿಸುವಂತೆಯೂ ಇರಲಿಲ್ಲ. ಹಾಗಾಗಿ ಎಂಜಿನ್ನು ನಿಧಾನವಾಗಿ ಓಡುವಾಗ ಚಾರ್ಜಿನ ಕೆಂಪು ದೀಪ ಮಿಣುಕುವುದು ಆ ಕಾಲದ ಕಾರುಗಳಲ್ಲಿ ಸಹಜವಾಗಿತ್ತು. ನಮ್ಮ ಗ್ಯಾರೇಜುಗಳಲ್ಲಿ ಆಲ್ಟರ್ನೇಟರನ್ನು ಇಂದಿಗೂ ಡೈನಮೋ ಎಂದೇ ಕರೆಯುವವರಿದ್ದಾರೆ. ಹೆಸರು ಉಳಿಯಿತು, ಸ್ವಭಾವ ಬದಲಾಯಿತು.

ಸ್ವಭಾವ ಬದಲಾದದ್ದು ಸಿಲಿಕಾನ್ ಡಯೋಡು ಬಂದಾಗ. ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಹಾಕಿತು, ಮುಂದಿನ ಎರಡು ದಶಕಗಳಲ್ಲಿ ಡೈನಮೋ ಮೂಲೆ ಸೇರಿತು. ಆಲ್ಟರ್ನೇಟರಿನಲ್ಲಿ ಕಮ್ಯುಟೇಟರಿಲ್ಲ, ತಿರುಗುವ ಭಾಗ, ಅಂದರೆ ರೋಟರು, ಉಗುರಿನಾಕಾರದ ಕಬ್ಬಿಣದ ಧ್ರುವಗಳ ಗಟ್ಟಿ ಉಂಡೆ. ಅದನ್ನು ಎಂಜಿನ್ನಿನ ಎರಡೂವರೆ, ಮೂರು ಪಟ್ಟು ವೇಗದಲ್ಲಿ ಧೈರ್ಯವಾಗಿ ತಿರುಗಿಸಬಹುದಾಯಿತು, ನಿಂತ ಕಾರಿನಲ್ಲೂ ಬ್ಯಾಟರಿ ತುಂಬತೊಡಗಿತು. ಆದರೆ ವೇಗ ಹೆಚ್ಚಿಸುವ ಪುಲ್ಲಿಗೆ ಒಂದು ಬೆಲೆಯಿದೆ. ವೇಗ 2.7 ಪಟ್ಟಾದರೆ ರೋಟರಿನ ಜಡತ್ವ ಕ್ರ್ಯಾಂಕ್‌ಶಾಫ್ಟಿನ ಕೈಗೆ 2.7 ಪಟ್ಟಾಗಿ ಅಲ್ಲ, ಅದರ ವರ್ಗವಾಗಿ, 7 ಪಟ್ಟಿಗೂ ಹೆಚ್ಚಾಗಿ ತಟ್ಟುತ್ತದೆ. ಎಸಿ, ಇಂಧನ ಸಿಂಪಡಿಸುವ ಎಲೆಕ್ಟ್ರಾನಿಕ್ಸು ಬರುತ್ತ ಹೋದಂತೆ ಆಲ್ಟರ್ನೇಟರುಗಳು 100 ಆಂಪಿಯರನ್ನು ದಾಟಿ ಬೆಳೆದವು, ರೋಟರಿನ ಭಾರವೂ ಬೆಳೆಯಿತು. ಇದೇ ಹೊತ್ತಿಗೆ ಬೆಲ್ಟು ಬದಲಾಯಿತು. 1979ರ ಫೋರ್ಡ್ ಮಸ್ಟಾಂಗಿನಲ್ಲಿ ಕಾಣಿಸಿಕೊಂಡ ಸರ್ಪದಂತೆ ಸುತ್ತುವ ಒಂದೇ ಬೆಲ್ಟು, ಉದ್ದುದ್ದ ಗೆರೆಗಳ ಅಗಲ ಪಟ್ಟಿ, ಎಲ್ಲ ಪುಲ್ಲಿಗಳನ್ನೂ ಒಟ್ಟಿಗೆ ಓಡಿಸಿತು. ತಾನಾಗಿ ಬಿಗಿಹಿಡಿಯುವ ಸ್ಪ್ರಿಂಗಿನ ಟೆನ್ಶನರು ಅದರ ಜೊತೆಗಾರ. ಸಡಿಲಾಗುವ ಕಾಲ ಮುಗಿಯಿತು, ಜಾರುವ ಕಾಲ ಮುಗಿಯಿತು. 1980ರ ದಶಕದ ಮಧ್ಯದಲ್ಲಿ ಎರಡು ತುಂಡಿನ ಫ್ಲೈವೀಲು ಬಂದು ಗೇರುಪೆಟ್ಟಿಗೆಯನ್ನು ಎಂಜಿನ್ನಿನ ಒದೆಯಿಂದ ಕಾಪಾಡಿತು. ಆದರೆ ಕ್ರ್ಯಾಂಕ್‌ಶಾಫ್ಟಿಗೆ ಗಟ್ಟಿಯಾಗಿ ಅಂಟಿದ ಭಾರ ಅದರಿಂದ ಕಡಿಮೆಯಾಗಿ, ಮುಂದಿನ ತುದಿಯ ಕುಲುಕಾಟ, ಅಂದರೆ ಬೆಲ್ಟಿನ ಕಡೆಯ ಕುಲುಕಾಟ, ಇನ್ನೂ ಹೆಚ್ಚಿತು. ಹಿಂಬಾಗಿಲಿನಿಂದ ಅಟ್ಟಿದ ಒದೆ ಮುಂಬಾಗಿಲಿಗೆ ಬಂದು ನಿಂತಿತು.

ಇದರ ಅಳತೆಯನ್ನು ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನು ನಿಂತಲ್ಲಿ ನಿಮಿಷಕ್ಕೆ 750 ಸುತ್ತು ಸುತ್ತುತ್ತಿದೆ ಎನ್ನೋಣ. ಸುತ್ತಿಗೆ ಎರಡು ಒದೆ, ಅಂದರೆ ಸೆಕೆಂಡಿಗೆ 25. ಆಲ್ಟರ್ನೇಟರಿನ ವೇಗ ಸುಮಾರು 2,000 ಸುತ್ತು. ಪ್ರತಿ ಒದೆಗೂ ವೇಗ ಶೇಕಡಾ 5ರಷ್ಟು ಮೇಲೆ ಕೆಳಗೆ ಆಗುತ್ತಿದ್ದು, ರೋಟರಿನ ಜಡತ್ವ 0.003 ಕಿಲೋಗ್ರಾಂ ಚದರ ಮೀಟರು ಇದ್ದರೆ, ಗಟ್ಟಿ ಪುಲ್ಲಿಯ ಮೂಲಕ ಆ ರೋಟರನ್ನು ಹೆಜ್ಜೆ ಹಾಕಿಸಲು ಸುಮಾರು 5 ನ್ಯೂಟನ್ ಮೀಟರು ತಿರುಗುಬಲ ಬೇಕು, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಅದೇ ಆಲ್ಟರ್ನೇಟರು 300 ವ್ಯಾಟು ವಿದ್ಯುತ್ತು ಕೊಡಲು ಕೇಳುವ ಬಲ ಅದರ ಅರ್ಧದಷ್ಟು. ವಿದ್ಯುತ್ತು ಹುಟ್ಟಿಸುವುದಕ್ಕಿಂತ ರೋಟರನ್ನು ಸುಮ್ಮನೆ ಕುಲುಕುವುದಕ್ಕೇ ಬೆಲ್ಟು ಹೆಚ್ಚು ಎಳೆದಾಡಬೇಕು. ಒದೆ ಇಳಿದ ಕ್ಷಣದಲ್ಲಿ ರೋಟರೇ ಬೆಲ್ಟನ್ನು ಓಡಿಸುತ್ತದೆ, ಬಿಗಿ ಬದಿ ಸಡಿಲಾಗಿ ಸಡಿಲ ಬದಿ ಬಿಗಿಯುತ್ತದೆ, ಟೆನ್ಶನರಿನ ತೋಳು ಸೆಕೆಂಡಿಗೆ 25 ಸಲ ತುಯ್ದಾಡುತ್ತದೆ.

ಕೆನಡಾದ ಲಿಟೆನ್ಸ್ ಕಂಪನಿ 1992ರಲ್ಲಿ ಪಡೆದ ಅಮೆರಿಕದ ಪೇಟೆಂಟಿನ ವಿಷಯ ಇದೇ: ಸರ್ಪಬೆಲ್ಟಿನ ವ್ಯವಸ್ಥೆಯಲ್ಲಿ ಪುಲ್ಲಿಗೂ ಆಲ್ಟರ್ನೇಟರಿನ ಶಾಫ್ಟಿಗೂ ನಡುವೆ ಸುರುಳಿ ಸ್ಪ್ರಿಂಗು ಮತ್ತು ಒಮ್ಮುಖ ಕ್ಲಚ್ಚು. ಹೇಳಲು ಸುಲಭ, ಮಾಡುವುದು ಕಷ್ಟ. ಉಯ್ಯಾಲೆಯನ್ನು ಅದರ ಲಯಕ್ಕೆ ತಕ್ಕಂತೆ ತಳ್ಳಿದರೆ ಮೇಲೇರುತ್ತದೆ. ಅದಕ್ಕಿಂತ ಬಹಳ ಬೇಗ ಬೇಗ ತಳ್ಳಿದರೆ ನಿಂತಲ್ಲೇ ನಡುಗುತ್ತದೆ. ಸ್ಪ್ರಿಂಗಿನ ತುದಿಗೆ ಕಟ್ಟಿದ ರೋಟರೂ ಹಾಗೆಯೇ. ನಮ್ಮ ಲೆಕ್ಕದ ರೋಟರಿಗೆ ರೇಡಿಯನ್ನಿಗೆ 100 ನ್ಯೂಟನ್ ಮೀಟರಿನ ಬಿರುಸು ಸ್ಪ್ರಿಂಗು ಹಾಕಿದರೆ ಅದರ ಸ್ವಂತ ಲಯ ಸೆಕೆಂಡಿಗೆ ಸುಮಾರು 29, ಅಂದರೆ ಎಂಜಿನ್ನು ನಿಂತಲ್ಲಿ ಓಡುವ ವೇಗದ ಪಕ್ಕದಲ್ಲೇ. ಗಟ್ಟಿ ಪುಲ್ಲಿಗಿಂತಲೂ ಅದು ಕೆಟ್ಟದ್ದು. ಬಿರುಸನ್ನು 20ಕ್ಕೆ ಇಳಿಸಿದರೆ ಲಯ 13ಕ್ಕೆ ಬರುತ್ತದೆ, 25ರ ಒದೆಯಲ್ಲಿ ರೋಟರನ್ನು ಮುಟ್ಟುವುದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಆದರೆ ಅಷ್ಟು ಮೆತ್ತನೆಯ ಸ್ಪ್ರಿಂಗು ಪೂರ್ಣ ಚಾರ್ಜಿನ 15 ನ್ಯೂಟನ್ ಮೀಟರಿಗೆ 40 ಡಿಗ್ರಿಗೂ ಮೀರಿ ತಿರುಚಿಕೊಳ್ಳುತ್ತದೆ. ಕೋಟಿಗಟ್ಟಲೆ ಸಲ ತಿರುಚಿಕೊಂಡೂ ಮುರಿಯಬಾರದೆಂದರೆ ತಂತಿ ದಪ್ಪವಿರಬೇಕು, ದಪ್ಪ ತಂತಿ ಮೆತ್ತಗಿರಬೇಕೆಂದರೆ ಉದ್ದವಿರಬೇಕು. ಇಷ್ಟನ್ನೂ ಅಡಗಿಸಬೇಕಾದ ಜಾಗವೋ ಆರೇಳು ಸೆಂಟಿಮೀಟರಿನ ಪುಲ್ಲಿಯ ಹೊಟ್ಟೆ. ಪುಲ್ಲಿ ದೊಡ್ಡದು ಮಾಡಿದರೆ ವೇಗ ಇಳಿದು ಚಾರ್ಜು ಸಾಲದು. ಸಾಲದ್ದಕ್ಕೆ ಎಂಜಿನ್ನು ಎದ್ದೇಳುವಾಗಲೂ ಆರುವಾಗಲೂ ಆ 13ರ ಲಯವನ್ನು, ಅಂದರೆ ಸುಮಾರು 400 ಸುತ್ತಿನ ವೇಗವನ್ನು, ದಾಟಿಯೇ ಹೋಗಬೇಕು. ಅಲ್ಲಿ ರೋಟರು ಮುಂದಕ್ಕೆ ಓಡಿದಾಗ ಬಿಟ್ಟುಬಿಡುವ ಕ್ಲಚ್ಚು ತೂಗಾಟ ಏರದಂತೆ ನೋಡಿಕೊಳ್ಳುತ್ತದೆ. ಎಂಜಿನ್ನು ಗಕ್ಕನೆ ಆರಿದ ಮೇಲೂ ರೋಟರು ತನ್ನ ಪಾಡಿಗೆ ಸುತ್ತಿ ನಿಲ್ಲುತ್ತದೆ. ಮೊದಲಾದರೆ ಆ ಕ್ಷಣದಲ್ಲಿ ಬೆಲ್ಟು ಕೀಚ್ ಎನ್ನುತ್ತಿತ್ತು.

ಇಷ್ಟಕ್ಕೆ ಆಕ್ಷೇಪಗಳಿವೆ. ಹಳೆಯ ಬೆಲ್ಟಿನ ಜಾರುವಿಕೆಗೆ ಇಷ್ಟು ಗೌರವ ಏಕೆ, ರೋಟರಿನ ಭಾರ ಬೆಳೆದದ್ದೇ ಕಾರಣವಲ್ಲವೇ ಎಂಬುದು ಮೊದಲನೆಯದು. ಭಾರ ಬೆಳೆದದ್ದು ನಿಜ, ಅದಿಲ್ಲದೆ ಈ ಕಥೆಯಿಲ್ಲ. ಆದರೆ ಭಾರದ ರೋಟರಿದ್ದು ಬೆಲ್ಟು ಜಾರುವಂಥದ್ದೇ ಆಗಿದ್ದರೆ ಬೆಲ್ಟು ಬೇಗ ಸವೆದು ಕಿರುಚಿ ಹೋಗುತ್ತಿತ್ತು, ಪೆಟ್ಟು ಅಲ್ಲಿಗೇ ನಿಲ್ಲುತ್ತಿತ್ತು. ಜಾರದ ಬೆಲ್ಟು ಪೆಟ್ಟನ್ನು ಟೆನ್ಶನರಿಗೆ, ನೀರಿನ ಪಂಪಿಗೆ, ಬೇರಿಂಗುಗಳಿಗೆ ಹಂಚುತ್ತದೆ. ಎರಡನೆಯದು, ಒಮ್ಮುಖ ಕ್ಲಚ್ಚೊಂದೇ ಸಾಲದೇ ಎಂಬುದು. ಸ್ಪ್ರಿಂಗಿಲ್ಲದ ಅಂಥ ಪುಲ್ಲಿಗಳು 1990ರ ದಶಕದಲ್ಲಿ ಬಂದವು, ಈಗಲೂ ಇವೆ, ಸುಧಾರಣೆಯನ್ನೂ ತಂದವು. ಆದರೆ ಅವು ಇಳಿಯುವ ಅರ್ಧವನ್ನು ಮಾತ್ರ ಬಿಡಿಸುತ್ತವೆ; ಏರುವ ಅರ್ಧದಲ್ಲಿ ಪುಲ್ಲಿ ಮತ್ತೆ ಗಟ್ಟಿಯೇ. ಚಾರ್ಜು ಜೋರಾಗಿದ್ದು ರೋಟರಿಗೆ ಮುಂದೋಡಲು ಬಿಡುವೇ ಇಲ್ಲದಾಗ ಕ್ಲಚ್ಚು ಸದಾ ಹಿಡಿದೇ ಇರುತ್ತದೆ, ಇದ್ದೂ ಇಲ್ಲದಂತೆ. ಮೂರನೆಯದು ಗ್ಯಾರೇಜಿನಿಂದ ಬರುವ ಮಾತು, ಅದಕ್ಕೆ ತೂಕವಿದೆ: ಕೆಟ್ಟ ಸ್ಪ್ರಿಂಗ್ ಪುಲ್ಲಿಯ ಬದಲು ಕಡಿಮೆ ಬೆಲೆಯ ಗಟ್ಟಿ ಪುಲ್ಲಿ ಹಾಕಿದರೂ ಕಾರು ಓಡುತ್ತದಲ್ಲ? ಓಡುತ್ತದೆ. ಸವೆಯುವ ಜಾಗ ಬದಲಾಗುತ್ತದೆ ಅಷ್ಟೆ. ಸ್ಪ್ರಿಂಗು ನುಂಗುತ್ತಿದ್ದದ್ದನ್ನು ಟೆನ್ಶನರಿನ ತೋಳು ನುಂಗುತ್ತದೆ, ಅದು ಸೋತ ದಿನ ಬೆಲ್ಟು ಹಾರುತ್ತದೆ. ಒಂದೇ ಬೆಲ್ಟಿನ ವ್ಯವಸ್ಥೆಯಲ್ಲಿ ಬೆಲ್ಟು ಹಾರಿದರೆ ಚಾರ್ಜು ನಿಲ್ಲುತ್ತದೆ, ಆ ಬೆಲ್ಟೇ ಓಡಿಸುವ ಸ್ಟೀರಿಂಗ್ ಪಂಪೂ ನೀರಿನ ಪಂಪೂ ಒಟ್ಟಿಗೆ ನಿಲ್ಲುತ್ತವೆ. ತಿರುವಿನ ಮಧ್ಯೆ ಸ್ಟೀರಿಂಗು ಏಕಾಏಕಿ ಕಲ್ಲಾಗುವುದು ಸಣ್ಣ ಮಾತಲ್ಲ. ಮುರಿದದ್ದು ಬೆಲ್ಟಾದ್ದರಿಂದ ದೂರು ಬೆಲ್ಟಿನ ಮೇಲೇ ಬೀಳುತ್ತದೆ, ಎರಡು ವರ್ಷದ ಹಿಂದೆ ಬದಲಾದ ಪುಲ್ಲಿಯನ್ನು ಯಾರೂ ನೆನೆಯುವುದಿಲ್ಲ.

ಒಪ್ಪಲೇಬೇಕಾದ ಮಾತೊಂದಿದೆ. ಸವೆಯುವ ಸ್ಪ್ರಿಂಗನ್ನು ಕಾಣದ ಜಾಗದಲ್ಲಿಟ್ಟು ಮುಚ್ಚಿದ್ದು ಬಳಸುವವರಿಗೆ ಅನುಕೂಲವಾಗಲಿಲ್ಲ. ಚಪ್ಪಟೆ ಬೆಲ್ಟು ಸೋಲುವುದು ಕಣ್ಣಿಗೆ ಕಾಣುತ್ತಿತ್ತು, ವಿ ಬೆಲ್ಟಿನದು ಕಿವಿಗೆ ಕೇಳುತ್ತಿತ್ತು. ಸ್ಪ್ರಿಂಗು ಸೋತದ್ದನ್ನು ತಿಳಿಯಲು ಮುಚ್ಚಳ ತೆಗೆದು, ಹಲ್ಲಿನ ಸಾಧನ ತೂರಿಸಿ, ಕೈಯಲ್ಲಿ ತಿರುಗಿಸಿಯೇ ನೋಡಬೇಕು. ಎರಡೂ ದಿಕ್ಕಿಗೆ ಬಿಗಿಯಾಗಿದ್ದರೆ ಕ್ಲಚ್ಚು ಹಿಡಿದುಹೋಗಿದೆ, ಎರಡೂ ದಿಕ್ಕಿಗೆ ಸಡಿಲವಾಗಿದ್ದರೆ ಕ್ಲಚ್ಚೋ ಸ್ಪ್ರಿಂಗೋ ಕೈಕೊಟ್ಟಿದೆ. ತೆಗೆದ ಮುಚ್ಚಳವನ್ನು ಮತ್ತೆ ಹಾಕದೆ ಬಿಟ್ಟರೆ ಧೂಳೂ ನೀರೂ ಒಳಗೆ ಸೇರಿ ಒಳ್ಳೆಯ ಪುಲ್ಲಿಯೂ ಹಾಳಾಗುತ್ತದೆ.

ಈಗ ಕಟ್ಟು ಇನ್ನೊಮ್ಮೆ ಬದಲಾಗುತ್ತಿದೆ. 2015ರಲ್ಲಿ ನಮ್ಮ ದೇಶದಲ್ಲಿ ಬಂದ ಮಾರುತಿ ಸಿಯಾಜ್ ಡೀಸೆಲ್ ಹೈಬ್ರಿಡ್ಡಿನಂಥ ಕಾರುಗಳಲ್ಲಿ ಬೆಲ್ಟಿನ ತುದಿಯ ಯಂತ್ರ 1912ರ ಕ್ಯಾಡಿಲಾಕಿನದರಂತೆ ಎರಡೂ ಕೆಲಸ ಮಾಡುತ್ತದೆ; ಬ್ಯಾಟರಿ ತುಂಬುತ್ತದೆ, ಸಿಗ್ನಲ್ಲಿನಲ್ಲಿ ಆರಿದ ಎಂಜಿನ್ನನ್ನು ಮತ್ತೆ ಎಬ್ಬಿಸುತ್ತದೆ. ಯಂತ್ರವೇ ಬೆಲ್ಟನ್ನು ಎಳೆಯಬೇಕಾದ ಮೇಲೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚಿಗೆ ಅದರ ಪುಲ್ಲಿಯಲ್ಲಿ ಎಡೆಯಿಲ್ಲ, ಏಕೆಂದರೆ ಎಬ್ಬಿಸುವ ಹೊತ್ತಿಗೆ ಅದು ಕೈಬಿಡುತ್ತದೆ. ಇಂಥ ವ್ಯವಸ್ಥೆಗಳನ್ನು ರೂಪಿಸುವವರು ಸ್ಪ್ರಿಂಗನ್ನು ಮಾತ್ರ ಉಳಿಸಿಕೊಂಡು ಬೇರೆಡೆಗೆ ಸಾಗಿಸಿದ್ದಾರೆ: ಕೆಲವರು ಕ್ರ್ಯಾಂಕ್‌ಶಾಫ್ಟಿನ ಪುಲ್ಲಿಯೊಳಕ್ಕೆ, ಕೆಲವರು ಬೆಲ್ಟಿನ ಎರಡೂ ಬದಿಯನ್ನು ಒಟ್ಟಿಗೆ ಹಿಡಿಯುವ ಎರಡು ತೋಳಿನ ಟೆನ್ಶನರಿಗೆ. ಬಿಗಿ ಬದಿ ಯಾವುದು, ಸಡಿಲ ಬದಿ ಯಾವುದು ಎಂಬುದೇ ಅಲ್ಲಿ ಗಳಿಗೆಗಳಿಗೆಗೆ ಅದಲುಬದಲಾಗುತ್ತದೆ. ಎರಡನೇ ತೋಳು ಬೇಕಾದದ್ದು ಅದಕ್ಕೇ.